ಬೋರ್ ನೀರಿನ ಊರಲ್ಲಿ ರೀಫ್ ಟ್ಯಾಂಕ್: ನಾನು ಹಾಕಿಸಿದ ಆರ್‌ಓ-ಡಿಐ ಸೆಟ್ಟಿನ ರಿವ್ಯೂ, ಪಾಚಿ ವಿಷಯ ಸಮೇತ

ದಾವಣಗೆರೆಲಿ ಉಪ್ಪುನೀರಿನ ರೀಫ್ ಟ್ಯಾಂಕ್ (ಕೋರಲ್ ಅಂದ್ರೆ ಹವಳ ಬೆಳೆಸೋ ಅಕ್ವೇರಿಯಂ) ಇಡ್ಬೇಕು ಅಂತಿರೋರು ಲೈಟು, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯೋ ಸಾಧನ) ಅಂತ ಹುಡುಕೋಕೆ ಮುಂಚೆ ಒಂದು ಆರ್‌ಓ-ಡಿಐ ಸೆಟ್ ಹಾಕಿಸ್ಕೊಳ್ರಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಆರ್‌ಓ ಅಂದ್ರೆ ನೀರನ್ನ ಮೆಂಬ್ರೇನ್ ಅನ್ನೋ ಪೊರೆ ಮೂಲಕ ಒತ್ತಿ ಸೋಸೋದು, ಡಿಐ ಅಂದ್ರೆ ಅದಾದ್ಮೇಲೂ ಉಳಿದ ಉಪ್ಪನ್ನ ರೆಸಿನ್ ಅನ್ನೋ ಸಣ್ಣ ಮಣಿಗಳಿಂದ ಹಿಡಿಯೋದು. ನಮ್ಮನೇಲಿ ಓಡ್ತಿರೋದು ಇಲ್ಲೇ ಜೋಡಿಸಿದ ಸೆಟ್ಟು, 5 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್, ಅದಾದ್ಮೇಲೆ ಕಾರ್ಬನ್ ಬ್ಲಾಕ್, ಆಮೇಲೆ 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್, ಕೊನೇಗೆ ಬಣ್ಣ ಬದಲಾಗೋ ಮಿಕ್ಸೆಡ್ ಬೆಡ್ ರೆಸಿನ್ ತುಂಬಿದ ಒಂದು ಟ್ರಾನ್ಸ್‌ಪರೆಂಟ್ ಡಬ್ಬಿ, ಜೊತೆಗೆ ಬೂಸ್ಟರ್ ಪಂಪು. ಮನೆ ಆರ್‌ಓ ರಿಪೇರಿ ಮಾಡೋ ಹುಡುಗರ ಹತ್ರಾನೇ ಇದ್ರಲ್ಲಿ ಮುಕ್ಕಾಲು ಸಾಮಾನು ಸಿಗ್ತಾವೆ, ಡಿಐ ಡಬ್ಬಿ ಮತ್ತೆ ರೆಸಿನ್ ಮಾತ್ರ ಬೆಂಗಳೂರಿಂದ ತರಿಸ್ಬೇಕಾಯ್ತು. ಎಲ್ಲಾ ಸೇರಿ ಹತ್ತು ಸಾವಿರದ ಒಳಗೇ ಮುಗೀತು.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನಮ್ಮ ಕಡೆ ನೀರು ಹಂಗೈತೆ. ಕಾರ್ಪೊರೇಷನ್ ನೀರು ರಾಜನಹಳ್ಳಿ ಕಡೆಯಿಂದ ಬರೋ ತುಂಗಭದ್ರೆದು, ಇಲ್ಲಾ ಭದ್ರಾ ಕಾಲುವೆಯಿಂದ ತುಂಬಿಸೋ ಕುಂದುವಾಡ ಕೆರೆದು, ಟಿವಿ ಸ್ಟೇಷನ್ ಕೆರೆದು. ಅದು ದಿನಾ ಬರಲ್ಲ, ಹಂಗಾಗಿ ನಮ್ಮಂಗೆ ಎಷ್ಟೋ ಮನೆಗಳಲ್ಲಿ ಬಳಕೆಗೆಲ್ಲಾ ಬೋರ್ ನೀರೇ, ಬಕೆಟ್ ಅಂಚಿನ ಬಿಳಿ ಕಲೆ, ಗೀಸರ್ ಕಾಯಿಲ್ ಮೇಲಿನ ಸುಣ್ಣ ನೋಡಿದ್ರೆ ಗೊತ್ತಾಗ್ತೈತೆ ಅದ್ರಲ್ಲಿ ಏನೈತೆ ಅಂತ. ಬಂಡೆ ಸಂದಿಯಿಂದ ಬರೋ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜೊತೆಗೆ ಸಿಲಿಕಾ ಇರ್ತೈತೆ, ಸುತ್ತ ಭತ್ತ ಅಡಿಕೆ ಬೆಳೆಯೋ ಕಡೆ ಗೊಬ್ಬರದ ನೈಟ್ರೇಟೂ ಕೆಳಗೆ ಇಳಿಯೋ ಸಾಧ್ಯತೆ ಇದ್ದೇ ಇರ್ತೈತೆ. ಗೋಲ್ಡ್‌ಫಿಶ್ ಸಾಕೋರಿಗೆ ಇದ್ಯಾವುದೂ ದೊಡ್ಡ ವಿಷಯ ಅಲ್ಲ. ರೀಫ್ ಟ್ಯಾಂಕಲ್ಲಿ ಆಟ ಬೇರೆ, ಯಾಕಂದ್ರೆ ಅಲ್ಲಿ ನೀರು ಆವಿಯಾಗಿ ಹೋಗ್ತೈತೆ, ಅದ್ರಲ್ಲಿ ಕರಗಿರೋದು ಹೋಗಲ್ಲ, ನೀವು ದಿನಾ ಟಾಪ್ ಅಪ್ (ಆವಿಯಾದಷ್ಟು ನೀರು ಮತ್ತೆ ತುಂಬೋದು) ಮಾಡ್ತಾ ಮಾಡ್ತಾ ಅದನ್ನ ಒಳಗೆ ಸೇರಿಸ್ತಾನೇ ಇರ್ತೀರಿ. ಒಂದು ಲೆಕ್ಕ ಹಾಕಿ ನೋಡ್ರಿ: 200 ಲೀಟರ್ ಟ್ಯಾಂಕಿಂದ ದಿನಕ್ಕೆ 4 ಲೀಟರ್ ಆವಿ ಹೋದ್ರೆ ತಿಂಗಳಿಗೆ 120 ಲೀಟರ್ ಟಾಪ್ ಅಪ್, ಆ ನೀರಲ್ಲಿ ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಇದ್ರೆ ಮೀನಿಗೆ ಒಂದು ಕಾಳು ಊಟ ಹಾಕದೇ ಇದ್ರೂ ತಿಂಗಳಿಗೆ 12 ಪಿಪಿಎಂ (ಲೀಟರಿಗೆ 12 ಮಿಲಿಗ್ರಾಂ) ಏರ್ತೈತೆ. ಏಪ್ರಿಲ್ ಮೇ ತಿಂಗಳಲ್ಲಿ ಫ್ಯಾನ್ ಹಾಕಿ ಟ್ಯಾಂಕ್ ತಣ್ಣಗೆ ಇಡೋರಿಗೆ ಆವಿ ಇನ್ನೂ ಜಾಸ್ತಿ. ಪಾಚಿ ಯಾಕೆ ಬಂತು ಅಂತ ಜನ ಲೈಟ್ ಟೈಮಿಂಗ್ ಕಡಿಮೆ ಮಾಡ್ತಾ ಕೂತ್ಕೊತಾರೆ, ಊಟ ಹಾಕ್ತಿರೋದು ಟಾಪ್ ಅಪ್ ಬಕೆಟ್ಟು.

ಮನೇಲಿ ಕುಡಿಯೋ ಆರ್‌ಓ ಇದೆಯಲ್ಲ ಸಾಕಲ್ವಾ ಅಂತ ಕೇಳೋರು ಬಾಳ ಜನ. ಸಾಕಾಗಲ್ಲ ರೀ. ಮನೆ ಆರ್‌ಓದಲ್ಲಿ ರುಚಿಗೆ ಅಂತ ಟಿಡಿಎಸ್ (ನೀರಲ್ಲಿ ಕರಗಿರೋ ಉಪ್ಪುಗಳ ಒಟ್ಟು ಪ್ರಮಾಣ) ಅಡ್ಜಸ್ಟರ್ ನಾಬ್ ಇರ್ತೈತೆ, ಅದು ಫಿಲ್ಟರ್ ಆದ ನೀರಿಗೆ ಒಂಚೂರು ಹಸಿ ನೀರನ್ನೇ ವಾಪಸ್ ಬೆರೆಸ್ತೈತೆ, ಕೆಲವದ್ರಲ್ಲಿ ಮಿನರಲ್ ಕಾಟ್ರಿಡ್ಜ್ ಬೇರೆ. ಏರಿಯಾದ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋಗಿ ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸ್ಕೊಂಡು ಬರೋರೂ ಇದಾರೆ, ಕುಡಿಯೋಕೆ ಅದು ಒಳ್ಳೇ ನೀರು, ನಮ್ಮ ಏರಿಯಾದ್ದಕ್ಕೆ ಟಿಡಿಎಸ್ ಮೀಟರ್ ಅದ್ದಿದಾಗ ನೂರರ ಹತ್ರ ತೋರಿಸ್ತು. ಆ ನೂರು ಏನು ಅನ್ನೋದು ಮೀಟರ್ ಹೇಳಲ್ಲ, ಉಪ್ಪೂ ಇರಬಹುದು, ನೈಟ್ರೇಟೂ ಇರಬಹುದು. ರೀಫಿಗೆ ಬೇಕಾಗಿರೋದು ಸೊನ್ನೆ, ಆ ಸೊನ್ನೆಗೆ ಉಪ್ಪಿನ ಮಿಕ್ಸ್ ಹಾಕಿ ಸಾಂದ್ರತೆನ (ಸ್ಪೆಸಿಫಿಕ್ ಗ್ರಾವಿಟಿ) 1.026ಕ್ಕೆ ತಂದು ನಮಗೆ ಏನು ಬೇಕೋ ಅಷ್ಟೇ ಅದ್ರಲ್ಲಿ ಇರೋ ಹಂಗೆ ಮಾಡ್ಕೊಳ್ಳೋದು.

ಸೆಟ್ಟಿನ ಕೆಲಸದ ಬಗ್ಗೆ. ನಮ್ಮ ಬೋರ್ ನೀರಿನ ಟಿಡಿಎಸ್ 720ರ ಆಸುಪಾಸು, ಮೆಂಬ್ರೇನ್ ದಾಟಿದ ಮೇಲೆ 24, ಡಿಐ ದಾಟಿದ ಮೇಲೆ 0. ಲೋಕಲ್ ಜೋಡಣೆಗೆ ಇದು ಒಳ್ಳೇ ರಿಸಲ್ಟು. ಆದ್ರೆ ಒಂದು ಸೂಕ್ಷ್ಮ ಐತೆ, ರಾತ್ರಿ ಎಲ್ಲಾ ನಿಂತಿದ್ದ ಸೆಟ್ಟನ್ನ ಬೆಳಿಗ್ಗೆ ಆನ್ ಮಾಡಿದ ತಕ್ಷಣ ಮೆಂಬ್ರೇನಿಂದ ಬರೋ ನೀರು 24 ಇರಲ್ಲ, 150 ಮೇಲೆ ಇರ್ತೈತೆ, ಯಾಕಂದ್ರೆ ನಿಂತಾಗ ಮೆಂಬ್ರೇನಿನ ಎರಡೂ ಕಡೆ ಉಪ್ಪು ನಿಧಾನಕ್ಕೆ ಸಮ ಆಗೋಕೆ ನೋಡ್ತೈತೆ. ಆ ಮೊದಲ ನೀರು ನೇರ ರೆಸಿನ್ನಿಗೆ ಹೋದ್ರೆ ರೆಸಿನ್ ಬೇಗ ಖಾಲಿ. ಅದಕ್ಕೇ ಮೆಂಬ್ರೇನಿಗೂ ಡಿಐಗೂ ಮಧ್ಯೆ ಒಂದು ಟಿ ಆಕಾರದ ಜಾಯಿಂಟ್ ಹಾಕಿ ಬಾಲ್ ವಾಲ್ವ್ ಕೂರಿಸ್ರಿ, ಮೊದಲ ಐದು ನಿಮಿಷದ ನೀರನ್ನ ಹೊರಗೆ ಬಿಡ್ರಿ. ಮೆಕ್ಯಾನಿಕ್‌ಗಳಿಗೆ ಇದು ಗೊತ್ತಿರಲ್ಲ, ಕುಡಿಯೋ ಆರ್‌ಓದಲ್ಲಿ ಇದರ ಅಗತ್ಯ ಇಲ್ಲ, ನೀವೇ ಹೇಳಿ ಮಾಡಿಸ್ಬೇಕು.

ಬೋರ್ ನೀರಿನ ಇನ್ನೊಂದು ವಿಷಯ ಇಂಗಾಲದ ಡೈಆಕ್ಸೈಡು. ಆಳದಿಂದ ಬರೋ ನೀರಲ್ಲಿ ಈ ಗ್ಯಾಸ್ ಕರಗಿರ್ತೈತೆ, ಗ್ಯಾಸ್ ಆಗಿರೋದ್ರಿಂದ ಮೆಂಬ್ರೇನ್ ಅದನ್ನ ತಡೆಯಲ್ಲ, ಸೀದಾ ಹೋಗಿ ರೆಸಿನ್ನನ್ನ ತಿಂದು ಹಾಕ್ತೈತೆ. ಬೋರ್ ಮೋಟರ್ ಪೈಪಿಂದ ನೇರ ಲೈನ್ ಕೊಟ್ಟವರ ರೆಸಿನ್ ಯಾಕೆ ಇಷ್ಟು ಬೇಗ ಮುಗೀತು ಅಂತ ತಲೆ ಕೆಡೋದು ಇದಕ್ಕೇ. ಮೇಲಿನ ಸಿಂಟೆಕ್ಸಲ್ಲಿ ನಿಂತು ಗಾಳಿಯಾಡಿದ ನೀರು ಕೊಟ್ರೆ ಎಷ್ಟೋ ವಾಸಿ, ಒಂದು ಏರ್ ಸ್ಟೋನ್ ಬಿಟ್ರೆ ಇನ್ನೂ ಒಳ್ಳೇದು. ಬೇಸಿಗೇಲಿ ಮಾತ್ರ ಸಿಂಟೆಕ್ಸ್ ನೀರು ಮಧ್ಯಾಹ್ನ ಕೈ ಇಡೋಕಾಗಲ್ಲ, ಇಂಥ ಮೆಂಬ್ರೇನ್‌ಗಳಿಗೆ 45 ಡಿಗ್ರಿ ಮೇಲೆ ನೀರು ಕೊಡಬಾರದು, ಬಿಸಿ ನೀರಲ್ಲಿ ಉಪ್ಪು ತಡೆಯೋ ಶಕ್ತೀನೂ ಕಡಿಮೆ, ಬೆಳಿಗ್ಗೆ ಐದಕ್ಕೋ ಆರಕ್ಕೋ ಓಡಿಸ್ಕೊಳ್ರಿ.

ಈಗ ಪಾಚಿಗೆ ಬರ್ತೀನಿ, ಈ ರಿವ್ಯೂನ ಅಸಲಿ ವಿಷಯ ಇಲ್ಲೇ ಇರೋದು.

ಸೆಟ್ ಹಾಕಿದ್ಮೇಲೆ ಮೊದ್ಲು ಮಾಯ ಆಗಿದ್ದು ಕಂದು ಧೂಳಿನ ಪಾಚಿ, ಅದೇ ಡಯಾಟಮ್. ಗಾಜಿನ ಮೇಲೆ, ಮರಳಿನ ಮೇಲೆ ತೆಳ್ಳಗೆ ಕಂದು ಪುಡಿ ಕೂತಂಗೆ ಇರ್ತೈತೆ, ಬೆರಳಲ್ಲಿ ಉಜ್ಜಿದ್ರೆ ಸಲೀಸಾಗಿ ಬರ್ತೈತೆ, ಎಳೆ ಇಲ್ಲ ಲೋಳೆ ಇಲ್ಲ. ಈ ಡಯಾಟಮ್ ತನ್ನ ಮೈ ಸುತ್ತ ಚಿಪ್ಪು ಕಟ್ಟೋದೇ ಸಿಲಿಕಾದಿಂದ, ಸಿಲಿಕಾ ಇಲ್ಲ ಅಂದ್ರೆ ಅದು ಇಲ್ಲ. ಹೊಸ ಟ್ಯಾಂಕಲ್ಲಿ ಶುರು ಶುರುಗೆ ಎಲ್ಲರಿಗೂ ಬರ್ತೈತೆ, ತಾನೇ ಹೋಗ್ತೈತೆ, ಅದಕ್ಕೆ ಏನೂ ಮಾಡ್ಬೇಡ್ರಿ. ಹಳೇ ಟ್ಯಾಂಕಲ್ಲಿ ಮತ್ತೆ ಮತ್ತೆ ಬರ್ತೈತೆ ಅಂದ್ರೆ ಮಾತ್ರ ನೀರನ್ನ ಅನುಮಾನಿಸ್ರಿ.

ಇಲ್ಲೊಂದು ಮುಖ್ಯ ಸಂಗತಿ. ಕೆಲ ತಿಂಗಳು ಫಳಫಳ ಇದ್ದ ಗಾಜಿನ ಮೇಲೆ ಒಂದು ವಾರ ಮತ್ತೆ ಆ ಕಂದು ಧೂಳು ಕಾಣಿಸ್ಕೊಳ್ತು. ಮೀಟರ್ ನೋಡಿದ್ರೆ 0 ಅಂತಾನೇ ಐತೆ. ಡಿಐ ಡಬ್ಬಿ ಹತ್ರ ಬಗ್ಗಿ ನೋಡಿದ್ರೆ ಕೆಳಗಿಂದ ಕಡುನೀಲಿ ಬಣ್ಣ ಕಂದು ಆಗ್ತಾ ಆಗ್ತಾ ಮೇಲಿನ ಮುಚ್ಚಳಕ್ಕೆ ಎರಡು ಬೆರಳಷ್ಟು ನೀಲಿ ಉಳಿದಿತ್ತು, ಗೆರೆ ನೇರ ಇರದೇ ಒಂದು ಕಡೆ ಓರೆಯಾಗಿ ಮೇಲಕ್ಕೆ ಏರಿತ್ತು, ಅಂದ್ರೆ ಆ ಕಡೆ ನೀರು ದಾರಿ ಮಾಡ್ಕೊಂಡು ರೆಸಿನ್ ಮುಟ್ಟದೇ ಹೋಗ್ತಿತ್ತು. ವಿಷಯ ಏನಂದ್ರೆ ಟಿಡಿಎಸ್ ಮೀಟರ್ ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿತೈತೆ ಅಂತ, ಸಿಲಿಕಾ ನೀರಲ್ಲಿ ಬಹುಪಾಲು ಚಾರ್ಜ್ ಇಲ್ಲದೇ ಇರ್ತೈತೆ, ಹಂಗಾಗಿ ಮೀಟರಿಗೆ ಅದು ಕಾಣೋದೇ ಇಲ್ಲ. ರೆಸಿನ್ ಮುಗೀತಾ ಬಂದಾಗ ಗಟ್ಟಿಯಾಗಿ ಹಿಡಿಯೋ ಅಯಾನ್‌ಗಳು ಬಂದು ಸಿಲಿಕಾನ ಜಾಗ ಬಿಡಿಸಿ ಮುಂದೆ ತಳ್ತಾವೆ, ಮೊದ್ಲು ಹೊರಗೆ ಬರೋದು ಅದೇ. ಮೀಟರ್ 1, 2 ತೋರಿಸೋಕೆ ಎಷ್ಟೋ ಮುಂಚೆ ನಿಮ್ಮ ಗಾಜು ಹೇಳಿರ್ತೈತೆ. ರೆಸಿನ್ ಬದಲಾಯಿಸಿದೆ, ಈ ಸಲ ತುಂಬುವಾಗ ಡಬ್ಬೀನ ನೆಲಕ್ಕೆ ಮೆಲ್ಲಗೆ ಕುಟ್ಟಿ ಕುಟ್ಟಿ ಸಂದಿ ಇರದಂಗೆ ತುಂಬಿದೆ, ಕಂದು ಧೂಳು ಹೋಯ್ತು. ನಿಮ್ಮ ಬಜೆಟ್ಟಿಗೆ ಆದ್ರೆ ಎರಡು ಡಿಐ ಡಬ್ಬಿ ಸಾಲಾಗಿ ಹಾಕಿಸ್ರಿ, ಮೊದಲನೇದು ಖಾಲಿ ಆದ್ರೆ ಎರಡನೇದು ಹಿಡಿತೈತೆ.

ಹಸಿರು ಕೂದಲು ಪಾಚಿ ಮಾತ್ರ ಇಷ್ಟು ಸುಲಭಕ್ಕೆ ಬಿಡಲ್ಲ. ಒಳ್ಳೇ ನೀರು ಹಾಕಿದ ತಕ್ಷಣ ಕಲ್ಲು ಬೋಳಾಗ್ತಾವೆ ಅಂತ ಕಾಯ್ಬೇಡ್ರಿ, ಯಾಕಂದ್ರೆ ಹಳೇ ನೀರಿನ, ಹಳೇ ಫೀಡಿಂಗಿನ ಫಾಸ್ಫೇಟನ್ನ ಕಲ್ಲು ಹೀರ್ಕೊಂಡು ಕೂತಿರ್ತೈತೆ, ನೀರಲ್ಲಿ ಕಮ್ಮಿ ಆದಂಗೆಲ್ಲಾ ಕಲ್ಲು ಬಿಡ್ತಾ ಹೋಗ್ತೈತೆ, ಪಾಚಿ ಅಲ್ಲೇ ಬಾಯಿ ಇಟ್ಕೊಂಡಿರ್ತೈತೆ. ಟೆಸ್ಟ್ ಮಾಡಿದ್ರೆ ನೈಟ್ರೇಟ್ ಸೊನ್ನೆ ಫಾಸ್ಫೇಟ್ ಸೊನ್ನೆ ಅಂತ ಬರೋದೂ ಉಂಟು, ಕಲ್ಲ ಮೇಲೆ ಎರಡಿಂಚು ಕೂದಲು ಇದ್ದಾಗ ಆ ಸೊನ್ನೇನ ನಂಬಬೇಡ್ರಿ, ಬಂದಿದ್ದನ್ನೆಲ್ಲಾ ಪಾಚಿ ತಿಂದು ಮುಗಿಸಿದ ಸೊನ್ನೆ ಅದು. ಇದಕ್ಕೆ ಕೈ ಕೆಲಸಾನೇ ದಾರಿ. ವಾಟರ್ ಚೇಂಜ್ ದಿನ ಸೈಫನ್ ಪೈಪಿನ ತುದಿಗೆ ಹಳೇ ಟೂತ್‌ಬ್ರಷ್ ರಬ್ಬರ್ ಬ್ಯಾಂಡಲ್ಲಿ ಕಟ್ಟಿ, ಉಜ್ಜುತಾ ಉಜ್ಜುತಾನೇ ಎಳ್ಕೋಬೇಕು, ಕಿತ್ತ ಚೂರು ಟ್ಯಾಂಕಲ್ಲೇ ತೇಲೋಕೆ ಬಿಟ್ರೆ ಇನ್ನೊಂದು ಕಲ್ಲ ಮೇಲೆ ಮನೆ ಮಾಡ್ತಾವೆ. ಉದ್ದ ಇರೋದನ್ನ ನೀವು ಕಿತ್ತು ಗಿಡ್ಡ ಮಾಡಿದ್ರೇನೇ ಟರ್ಬೋ ಬಸವನಹುಳು ಬಾಯಿ ಹಾಕೋದು. ಫ್ರೋಜನ್ ಸೀಗಡಿ ಕರಗಿದ ನೀರನ್ನ ಟ್ಯಾಂಕಿಗೆ ಸುರೀಬೇಡ್ರಿ. ಫಾಸ್ಫೇಟ್ ಹಿಡಿಯೋ ಜಿಎಫ್‌ಓ (ಕಬ್ಬಿಣದ ಆಕ್ಸೈಡ್ ಹರಳು) ಸ್ವಲ್ಪ ಸ್ವಲ್ಪ ಹಾಕಿ, ಒಂದೇ ಸಲಕ್ಕೆ ಜಾಸ್ತಿ ಹಾಕಿದ್ರೆ ಕೋರಲ್ ಬಿಳಿಚ್ಕೊಂತಾವೆ. ನಮ್ಮ ಟ್ಯಾಂಕಲ್ಲಿ ಕೂದಲು ಪೂರ್ತಿ ಹೋಗೋಕೆ ತಿಂಗಳುಗಳೇ ಹಿಡಿದ್ವು, ಆದ್ರೆ ಹೋದ್ಮೇಲೆ ಆ ಕಲ್ಲ ಮೇಲೆ ಗುಲಾಬಿ ಬಣ್ಣದ ಗಟ್ಟಿ ಪದರ ಹರಡ್ತು, ಅದು ಕೋರಲೈನ್, ಅದೂ ಪಾಚಿ ಜಾತಿನೇ ಆದ್ರೆ ಅದನ್ನ ಉಜ್ಜಬೇಡ್ರಿ, ಅದು ಬಂತು ಅಂದ್ರೆ ಖುಷಿಪಡ್ರಿ.

ಕೆಂಪು ಲೋಳೆ ಬಂದ್ರೆ ಅದು ಪಾಚಿನೇ ಅಲ್ಲ, ಸಯನೋ ಅನ್ನೋ ಬ್ಯಾಕ್ಟೀರಿಯಾ. ಕುಂಕುಮದ ಕಡುಗೆಂಪು, ಮರಳ ಮೇಲೆ ಹಾಳೆ ಹರಡಿದಂಗೆ ಇರ್ತೈತೆ, ಪಿಪೆಟ್ಟಲ್ಲಿ ನೀರು ಊದಿದ್ರೆ ಪದರ ಪದರವಾಗಿ ಎದ್ದು ಬರ್ತೈತೆ, ಸಂಜೆ ಹೊತ್ತಿಗೆ ಗಾಳಿ ಗುಳ್ಳೆ ಹಿಡ್ಕೊಂಡಿರ್ತೈತೆ, ಹೊರಗೆ ತೆಗೆದ್ರೆ ಕೆಟ್ಟ ವಾಸನೆ. ಕೆಲವು ಜಾತಿ ಗಾಳಿಯಿಂದ ಬಂದು ನೀರಲ್ಲಿ ಕರಗಿರೋ ನೈಟ್ರೋಜನ್ನೇ ಬಳಸ್ಕೊಂತಾವೆ, ಅದಕ್ಕೇ ನೈಟ್ರೇಟ್ ಸೊನ್ನೆ ಆದ್ರೂ ಅದು ಬದುಕೋದು. ನೀರು ಓಡಾಡದ ಮೂಲೆ, ಕೆಳಗೆ ಕೂತ ಕಸ, ಇವೆರಡನ್ನ ಸರಿ ಮಾಡಿ ವಾರ ವಾರ ಸೈಫನ್ ಮಾಡಿದ್ರೆ ಹಿಡಿತಕ್ಕೆ ಬರ್ತೈತೆ. ಆರ್‌ಓ-ಡಿಐಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ.

ಡೈನೋ ಬಗ್ಗೆ ಮಾತ್ರ ಸ್ವಲ್ಪ ನಿಂತು ಓದ್ರಿ, ಯಾಕಂದ್ರೆ ಈ ಸೆಟ್ ಹಾಕಿಸ್ಕೊಂಡು ನೀರನ್ನ ಅತಿ ಶುದ್ಧ ಮಾಡಿದವರಿಗೇ ಇದು ಜಾಸ್ತಿ ಬರೋದು. ಡೈನೋಫ್ಲಾಜೆಲೇಟ್, ಕಂದು ಬಣ್ಣದ ಲೋಳೆ ಎಳೆ, ಎಳೆ ತುದೀಲಿ ಗುಳ್ಳೆ, ಬೆಳಿಗ್ಗೆ ಲೈಟ್ ಹತ್ತುವಾಗ ಮರಳು ಚೊಕ್ಕ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಾಜರು. ಡಯಾಟಮ್ ಅಂತ ತಿಳ್ಕೊಂಡು ಕೈಕಟ್ಟಿ ಕೂತ್ರೆ ಕೆಲಸ ಕೆಡ್ತೈತೆ, ಕೆಲವು ಜಾತಿ ವಿಷ ಬಿಡ್ತಾವೆ, ಬಸವನಹುಳು ಒಂದೊಂದೇ ಸಾಯೋಕೆ ಶುರು ಆದ್ರೆ ಅದೇ ಸುಳಿವು. ಮನೇಲೇ ಒಂದು ಪರೀಕ್ಷೆ ಐತೆ: ಆ ಲೋಳೆನ ಟ್ಯಾಂಕ್ ನೀರಿನ ಸಮೇತ ಒಂದು ಬಾಟ್ಲಿಗೆ ಹಾಕಿ ಜೋರಾಗಿ ಅಲ್ಲಾಡಿಸಿ, ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಿ, ಕೆಳಗೆ ಬಂದ ನೀರನ್ನ ಗಾಜಿನ ಲೋಟದಲ್ಲಿ ಲೈಟ್ ಕೆಳಗೆ ಒಂದು ಗಂಟೆ ಇಡ್ರಿ. ಬಿಡಿ ಬಿಡಿ ಆಗಿ ಪೇಪರ್ ದಾಟಿದ ಕಣಗಳು ಮತ್ತೆ ಕೂಡಿ ಲೋಳೆ ಎಳೆ ಕಟ್ಟಿದ್ರೆ ಡೈನೋ. ಮಕ್ಕಳ ಸ್ಕೂಲ್ ಮೈಕ್ರೋಸ್ಕೋಪ್ ಸಿಕ್ರೆ ಇನ್ನೂ ಖಚಿತ, ಡಯಾಟಮ್ ಸುಮ್ನೆ ಬಿದ್ದಿರ್ತೈತೆ ಇಲ್ಲಾ ಮೆಲ್ಲಗೆ ಜಾರ್ತೈತೆ, ಆಸ್ಟ್ರಿಯಾಪ್ಸಿಸ್ ಅನ್ನೋ ಡೈನೋ ಚೂಪು ತುದಿ ಇಟ್ಕೊಂಡು ಅಲ್ಲೇ ಗಿರಗಿರ ಸುತ್ತತೈತೆ.

ಇದಕ್ಕೆ ಉಪಾಯ ಉಲ್ಟಾ. ನೈಟ್ರೇಟ್ ಫಾಸ್ಫೇಟ್ ಎರಡೂ ಸೊನ್ನೆಗೆ ಬಿದ್ದಾಗ ಬೇರೆ ಪಾಚಿ ಬ್ಯಾಕ್ಟೀರಿಯಾ ಎಲ್ಲಾ ಸೊರಗಿ ಡೈನೋಗೆ ಜಾಗ ಸಿಗ್ತೈತೆ, ಹಂಗಾಗಿ ವಾಟರ್ ಚೇಂಜ್ ನಿಲ್ಲಿಸಿ, ಜಿಎಫ್‌ಓ ತೆಗೆದು, ನೈಟ್ರೇಟನ್ನ 5ರಿಂದ 10 ಪಿಪಿಎಂ, ಫಾಸ್ಫೇಟನ್ನ 0.05ರಿಂದ 0.1 ತನಕ ಏರಿಸಿ ಹಿಡಿಬೇಕು. ರಾತ್ರಿ ನೀರಲ್ಲಿ ತೇಲೋ ಆಸ್ಟ್ರಿಯಾಪ್ಸಿಸ್ ಜಾತಿಗೆ ಯುವಿ ಲೈಟ್ (ನೀರು ಒಳಗೆ ಹಾದು ಹೋಗೋ ಸ್ಟೆರಿಲೈಸರ್) ಚೆನ್ನಾಗಿ ಕೆಲಸ ಮಾಡ್ತೈತೆ, ಮರಳಲ್ಲೇ ಇರೋ ಆಂಫಿಡಿನಿಯಂ ಜಾತಿಗೆ ಅಷ್ಟಾಗಿ ಮಾಡಲ್ಲ. ಆ ಎರಡನೇದಕ್ಕೆ ಜನ ಟ್ಯಾಂಕಿಗೆ ಬೇಕು ಅಂತಾನೇ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ ಡೈನೋನ ಒತ್ತರಿಸ್ತಾರೆ! ನಾವು ಡಿಐ ಹಾಕಿ ಕಷ್ಟಪಟ್ಟು ತೆಗೆದ ಸಿಲಿಕಾ ಅಲ್ಲಿ ಔಷಧಿ. ಅದಕ್ಕೇ ಹೇಳೋದು, ಈ ಸೆಟ್ ತಗೊಂಡೋರು ಜೊತೇಲೇ ಒಂದು ಹನ್ನಾ ಕಂಪನಿ ಫಾಸ್ಫೇಟ್ ಚೆಕರ್ರು, ಒಂದು ಸ್ಯಾಲಿಫರ್ಟ್ ಕಂಪನಿ ನೈಟ್ರೇಟ್ ಟೆಸ್ಟ್ ಕಿಟ್ಟು ತಗೊಳ್ಳೇಬೇಕು, ಸೊನ್ನೆ ಬೇಕಾಗಿರೋದು ಬಕೆಟ್ಟಲ್ಲಿ, ಟ್ಯಾಂಕಲ್ಲಿ ಅಲ್ಲ.

ಇನ್ನು ಬ್ರಯಾಪ್ಸಿಸ್ ಮತ್ತೆ ಬಬಲ್ ಪಾಚಿ, ಇವೆರಡು ಹೊಸ ಕೋರಲ್ ಜೊತೆ ಥರ್ಮಾಕೋಲ್ ಬಾಕ್ಸಲ್ಲೇ ಮನೆಗೆ ಬರ್ತಾವೆ, ನೀರು ಎಷ್ಟೇ ಒಳ್ಳೇದಿರಲಿ. ಬ್ರಯಾಪ್ಸಿಸ್ ಕೂದಲು ಪಾಚಿ ಥರಾನೇ ಹಸಿರು ಆದ್ರೆ ಒಂದು ಎಳೆ ಹೊರಗೆ ತೆಗೆದು ನೋಡಿದ್ರೆ ನಡುವೆ ಕಡ್ಡಿ, ಎರಡೂ ಕಡೆ ಗರಿ. ಬಸವನಹುಳು ಅದನ್ನ ಸಾಮಾನ್ಯವಾಗಿ ಮುಟ್ಟಲ್ಲ. ಅದಕ್ಕೆ ಫ್ಲುಕೊನಜೋಲ್ ಬಳಸ್ತಾರೆ, ಲೀಟರಿಗೆ ಸುಮಾರು 5 ಮಿಲಿಗ್ರಾಂ ಲೆಕ್ಕ, ಟ್ಯಾಂಕಿನ ಫಿಲ್ಟರಲ್ಲಿರೋ ಕಾರ್ಬನ್ ತೆಗೆದು ಸ್ಕಿಮ್ಮರ್ ಆಫ್ ಮಾಡಿ ಎರಡು ಮೂರು ವಾರ, ಆಮ್ಲಜನಕಕ್ಕೆ ಏರ್ ಪಂಪ್ ಓಡ್ತಿರಬೇಕು. ಅದು ಮನುಷ್ಯರ ಔಷಧಿ, ಮೆಡಿಕಲ್ಲಲ್ಲಿ ಡಾಕ್ಟರ್ ಚೀಟಿ ಮೇಲೆ ಸಿಗೋದು, ಬ್ರಯಾಪ್ಸಿಸ್ಸೇ ಅಂತ ಖಾತ್ರಿ ಆಗದೇ ಸುಮ್ನೆ ಸುರೀಬೇಡ್ರಿ. ಬಬಲ್ ಪಾಚಿ ಅಂದ್ರೆ ಹೊಳೆಯೋ ಹಸಿರು ಗೋಲಿ, ಒಡೆಯದಂಗೆ ಬುಡದಿಂದ ಬಿಡಿಸಿ ಸೈಫನ್ನಲ್ಲಿ ಎಳೀರಿ, ಇದನ್ನ ತಿನ್ನೋ ಎಮರಾಲ್ಡ್ ಏಡಿ ಸಿಕ್ರೆ ಟ್ಯಾಂಕಿಗೆ ಒಂದು ಬಿಡ್ರಿ.

ಒಂದು ಅಂಗಡೀಲಿ ನನಗೆ ಯಾವ ಪಾಚಿ ಅಂತಾನೂ ಕೇಳದೇ ಫೋಟೋನೂ ನೋಡದೇ ಪಾಚಿ ಕೊಲ್ಲೋ ಬಾಟ್ಲಿ ಕೈಗೆ ಕೊಟ್ಟಿದ್ರು, ಮೇಲೆ ಏನೇನು ಹಾಕಿದಾರೆ ಅಂತ ಬರೆದೇ ಇರಲಿಲ್ಲ. ಹಂಗೆ ಮಾರೋದು ನನಗೆ ಸರಿ ಅನ್ಸಲ್ಲ. ಪಾಚಿ ಒಟ್ಟಿಗೇ ಸತ್ರೆ ಅದ್ರೊಳಗಿದ್ದ ಫಾಸ್ಫೇಟ್ ಎಲ್ಲಾ ನೀರಿಗೇ ವಾಪಸ್, ಕೊಳೆಯುವಾಗ ಆಮ್ಲಜನಕ ಎಳ್ಕೊಂಡು ರಾತ್ರಿ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ. ಆ ದುಡ್ಡಿಗೆ ರೆಸಿನ್ ತಗೊಳ್ರಿ.

ಸೆಟ್ಟಲ್ಲಿ ನನಗೆ ಇಷ್ಟ ಆಗದೇ ಇರೋದು ವೇಸ್ಟ್ ನೀರು. ಒಂದು ಲೀಟರ್ ಒಳ್ಳೇ ನೀರಿಗೆ ಮೂರು ನಾಲ್ಕು ಲೀಟರ್ ಹೊರಗೆ, ಬೇಸಿಗೇಲಿ ಬೋರ್ ಬತ್ತೋ ಊರಲ್ಲಿ ಇದು ಹೊಟ್ಟೆ ಉರಿಯೋ ವಿಷಯಾನೇ. ನಮ್ಮನೇಲಿ ಅದನ್ನ ಡ್ರಮ್ಮಿಗೆ ಹಿಡಿದು ಬಾತ್‌ರೂಮಿಗೆ, ಅಂಗಳ ತೊಳೆಯೋಕೆ, ಗಾಡಿ ತೊಳೆಯೋಕೆ ಬಳಸ್ತೀವಿ, ಗಿಡಕ್ಕೆ ಹಾಕಲ್ಲ, ಉಪ್ಪು ಜಾಸ್ತಿ ಇರ್ತೈತೆ. ಇನ್ನೊಂದು, ಕರೆಂಟ್ ಹೋದ್ರೆ ಬೂಸ್ಟರ್ ನಿಲ್ತೈತೆ, ಅದಕ್ಕೆ ಒಂದು ದಿನದ ಟಾಪ್ ಅಪ್ ಯಾವಾಗ್ಲೂ ಮುಂಚೆನೇ ಹಿಡಿದಿಡ್ರಿ, ಹಿಡಿದಿಡೋದು ಫುಡ್ ಗ್ರೇಡ್ ಪ್ಲಾಸ್ಟಿಕ್ ಡ್ರಮ್ಮಲ್ಲೇ. ತಾಮ್ರದ ಕೊಡ, ಹಿತ್ತಾಳೆ ನಲ್ಲಿ ಹತ್ರಾನೂ ಬೇಡ, ಡಿಐ ನೀರು ಲೋಹ ಕರಗಿಸ್ಕೊಂತೈತೆ, ತಾಮ್ರ ಸೀಗಡಿ ಬಸವನಹುಳು ಕೋರಲ್ ಮೂರಕ್ಕೂ ವಿಷ. ಸೆಡಿಮೆಂಟ್, ಕಾರ್ಬನ್ ಆರು ತಿಂಗಳಿಗೊಮ್ಮೆ ಬದಲಾಯಿಸ್ತೀನಿ, ಮೆಂಬ್ರೇನ್ ದಾಟಿದ ನೀರು 24ರಿಂದ 60ಕ್ಕೆ ಏರಿದ್ರೆ ಮೆಂಬ್ರೇನ್ ಹೊಸದು. ಚಿತ್ರದುರ್ಗದ ಸ್ನೇಹಿತರೊಬ್ಬರಿಗೂ ಇದೇ ಸೆಟ್ ಹಾಕಿಸಿಕೊಟ್ಟೆ, ಅಲ್ಲಿ ಬೋರ್ ನೀರು ನಮ್ಮದಕ್ಕಿಂತ ಗಡಸು, ಫ್ಲೋರೈಡ್ ತೊಂದ್ರೆ ಇರೋ ಸೀಮೆ, ಅವರಿಗೆ ಮೆಂಬ್ರೇನ್ ಮುಂದೆ ಸ್ಕೇಲ್ ಕಟ್ಟದಂಗೆ ಆ್ಯಂಟಿಸ್ಕೇಲಂಟ್ ಬಾಲ್ಸ್ ಇರೋ ಕಾಟ್ರಿಡ್ಜ್ ಒಂದು ಸೇರಿಸಿದ್ವಿ, ಆದ್ರೆ ಅದು ಕರಗಿಸೋದು ಫಾಸ್ಫೇಟ್ ಜಾತಿ ವಸ್ತು, ಅದು ಹಾಕಿದ್ಮೇಲೆ ಡಿಐ ಇಲ್ಲದೇ ಆ ನೀರು ಟ್ಯಾಂಕಿಗೆ ಹೋಗಲೇಬಾರದು.

ನನ್ನ ಮಾರ್ಕು 5ಕ್ಕೆ 4, ಒಂದು ಕಡಿತ ವೇಸ್ಟ್ ನೀರಿಗೆ. 100 ಲೀಟರ್ ಮೇಲಿನ ಟ್ಯಾಂಕ್ ಇದ್ರೆ ಕಣ್ಮುಚ್ಚಿ ಹಾಕಿಸ್ರಿ. ಟೇಬಲ್ ಮೇಲಿನ ಸಣ್ಣ ನ್ಯಾನೋ ಟ್ಯಾಂಕ್ ಇರೋರು ಪೂರ್ತಿ ಸೆಟ್ಟಿಗೆ ದುಡ್ಡು ಹಾಕೋದು ಬೇಡ, ಒಂದು ಡಿಐ ಡಬ್ಬಿ, ರೆಸಿನ್ನು, ಒಂದು ಮೀಟರ್ ತಗೊಂಡು ನೀರಿನ ಘಟಕದ ಕ್ಯಾನನ್ನ ಎತ್ತರದಲ್ಲಿಟ್ಟು ಸಣ್ಣ ಪೈಪಲ್ಲಿ ನಿಧಾನಕ್ಕೆ ಡಬ್ಬಿ ಮೂಲಕ ಇಳಿಸ್ಕೊಳ್ರಿ, ನೀರು ಕೆಳಗಿಂದ ಒಳಗೆ ಹೋಗಿ ಮೇಲಿಂದ ಹೊರಗೆ ಬರೋ ಹಂಗೆ ಜೋಡಿಸ್ರಿ. ರೆಸಿನ್ ಸ್ವಲ್ಪ ಬೇಗ ಮುಗಿತೈತೆ, ಆದ್ರೆ ವಾರಕ್ಕೆ ಒಂದು ಕ್ಯಾನ್ ಬೇಕಾಗೋರಿಗೆ ಅದೇ ಕಮ್ಮಿ ಖರ್ಚು.